ಊರ ಬಸ್ಸಿನ ಹೊತ್ತು, ಫೋನಿನ ನಕ್ಷೆ

ಜಮಖಂಡಿ ಬಸ್ ನಿಲ್ದಾಣದಲ್ಲಿ ಕಂಟ್ರೋಲರ್ ಕೂಡುವ ಕಿಟಕಿಗೆ ಇಡೀ ದಿನ ಬರುವ ಪ್ರಶ್ನೆ ಒಂದೇ: "ಸಾಹೇಬ್ರ, ತುಬಚಿ ಗಾಡಿ ಎಷ್ಟಕ್ಕ ಐತ್ರಿ?" ಊರಿನ ಹೆಸರಷ್ಟೇ ಬದಲಾಗುತ್ತದೆ. ಸಾವಳಗಿ, ತೇರದಾಳ, ಲೋಕಾಪುರ, ಬೀಳಗಿ. ಒಳಗಿದ್ದವರು ಹೊತ್ತು ಹೇಳುತ್ತಾರೆ, ಕೇಳಿದವರು ಹಿಂದೆ ನಿಂತವರಿಗೂ ಅದನ್ನು ದಾಟಿಸುತ್ತಾರೆ.

ಅದೇ ಪ್ರಶ್ನೆಯನ್ನು ಫೋನಿನ ನಕ್ಷೆಗೆ ಕೇಳಿ ನೋಡಿ. ತುಬಚಿಯಿಂದ ಜಮಖಂಡಿಗೆ ಕಾರಿನ ದಾರಿ, ಬೈಕಿನ ದಾರಿ, ನಡೆಯುವ ದಾರಿ ಎಲ್ಲವೂ ಕ್ಷಣದಲ್ಲಿ ಬಿಚ್ಚಿಕೊಳ್ಳುತ್ತವೆ. ಬಸ್ಸಿನ ಚಿತ್ರ ಒತ್ತಿದಾಗ ಮಾತ್ರ, ಇಂಥ ಹಳ್ಳಿಗಳ ಮಟ್ಟಿಗೆ, ಬಹಳ ಸಲ ಉತ್ತರ ಬರುವುದಿಲ್ಲ. ಹೊಸಬರು ಇದನ್ನು ನೋಡಿ "ಈ ಊರಿಗೆ ಬಸ್ಸೇ ಇಲ್ಲ" ಎಂದುಕೊಳ್ಳುತ್ತಾರೆ. ಬೆಂಗಳೂರಿನಲ್ಲಿ ಓದಿ ಬಂದ ನಮ್ಮ ಮಕ್ಕಳೂ ಹಾಗೆಯೇ ತಿಳಿದು ದುಡ್ಡು ಕೊಟ್ಟು ಗಾಡಿ ಗೊತ್ತು ಮಾಡಿಕೊಂಡು ಬರುವುದನ್ನು ಕಂಡಿದ್ದೇನೆ. ಬಸ್ಸು ಇರುತ್ತದೆ. ಅದರ ಹೊತ್ತನ್ನು ಯಾರೂ ನಕ್ಷೆಗೆ ಹೇಳಿಲ್ಲ, ಅಷ್ಟೇ. ಈ ಅಧ್ಯಾಯದಲ್ಲಿ ಬೇರೇನು ಮರೆತರೂ ಇದೊಂದನ್ನು ನೆನಪಿಟ್ಟುಕೊಳ್ಳಬೇಕು.

ದಾರಿಯನ್ನು ತಿಳಿಯುವುದಕ್ಕೂ ಹೊತ್ತನ್ನು ತಿಳಿಯುವುದಕ್ಕೂ ಬಹಳ ಅಂತರವಿದೆ. ರಸ್ತೆ ಆಕಾಶದಿಂದ ತೆಗೆದ ಚಿತ್ರದಲ್ಲಿ ಕಾಣುತ್ತದೆ. ಅದರ ಮೇಲೆ ಫೋನು ಇಟ್ಟುಕೊಂಡು ಓಡಾಡುವವರಿಂದ ವಾಹನಗಳ ವೇಗವೂ ತಿಳಿಯುತ್ತದೆ. ಬೆಳಗಿನ ವಸ್ತಿ ಬಸ್ಸು ಎಷ್ಟು ಗಂಟೆಗೆ ಊರು ಬಿಡುತ್ತದೆ ಎನ್ನುವುದು ಯಾವ ಉಪಗ್ರಹಕ್ಕೂ ಕಾಣದು. ಅದು ಘಟಕದ ಅನುಸೂಚಿಯಲ್ಲಿ, ಕಂಡಕ್ಟರನ ನಾಲಿಗೆಯ ಮೇಲೆ, ಕಾಲೇಜಿಗೆ ಹೋಗುವ ಹುಡುಗಿಯರ ರೂಢಿಯಲ್ಲಿ ಇರುತ್ತದೆ. ಅಲ್ಲಿಂದ ಅದನ್ನು ಎತ್ತಿ ಬರೆದು ಕೊಡಬೇಕು.

ಹಾಗೆ ಬರೆದು ಕೊಡುವ ಪದ್ಧತಿ ಶುರುವಾದದ್ದು ಅಮೆರಿಕದ ಪೋರ್ಟ್‌ಲ್ಯಾಂಡ್ ನಗರದಲ್ಲಿ. ಅಲ್ಲಿಯ ಸಾರಿಗೆ ಸಂಸ್ಥೆ ಟ್ರೈಮೆಟ್. ಅದರಲ್ಲಿ ಕೆಲಸ ಮಾಡುತ್ತಿದ್ದ ಬಿಬಿಯಾನಾ ಮೆಕ್‌ಹ್ಯೂ ಅವರಿಗೆ, ಗೊತ್ತಿಲ್ಲದ ಊರಲ್ಲಿ ಕಾರಿನ ದಾರಿ ಸಲೀಸಾಗಿ ಸಿಗುತ್ತದೆ, ಬಸ್ಸಿನ ದಾರಿ ಯಾಕೆ ಸಿಗುವುದಿಲ್ಲ ಎಂಬ ಪ್ರಶ್ನೆ ಕಾಡಿತು. ಅವರು ಗೂಗಲ್‌ನ ಎಂಜಿನಿಯರ್ ಕ್ರಿಸ್ ಹ್ಯಾರೆಲ್‌ಸನ್ ಜೊತೆ ಸೇರಿ ತಮ್ಮ ಸಂಸ್ಥೆಯ ವೇಳಾಪಟ್ಟಿಯನ್ನು ಕಂಪ್ಯೂಟರಿಗೆ ಅರ್ಥವಾಗುವ ಸರಳ ಪಟ್ಟಿಗಳಾಗಿ ಮಾಡಿಕೊಟ್ಟರು. 2005ರ ಡಿಸೆಂಬರ್‌ನಲ್ಲಿ ನಕ್ಷೆಯಲ್ಲಿ ಬಸ್ಸು ಹುಡುಕುವ ಸೌಲಭ್ಯ ಆ ಒಂದೇ ಊರಿಗಾಗಿ ತೆರೆಯಿತು. ಆ ಪಟ್ಟಿಗಳ ನಮೂನೆಗೆ ಜಿಟಿಎಫ್‌ಎಸ್ ಎಂದು ಹೆಸರು. ಮೊದಲಿಗೆ ಅದರ 'ಜಿ' ಎಂದರೆ ಗೂಗಲ್ ಎಂದಿತ್ತು. ಬೇರೆಯವರೂ ಬಳಸತೊಡಗಿದ ಮೇಲೆ 'ಜನರಲ್', ಅಂದರೆ ಎಲ್ಲರದೂ, ಎಂದಾಯಿತು.

ಈ ನಮೂನೆಯ ಹೊಟ್ಟೆಯೊಳಗೆ ಏನಿದೆ ಎಂದು ಸ್ವಲ್ಪ ನೋಡೋಣ. ಹೈಸ್ಕೂಲು ಓದಿದವರಿಗೂ ತಿಳಿಯುವಂಥದ್ದು. ಒಂದು ಪಟ್ಟಿಯಲ್ಲಿ ನಿಲ್ದಾಣಗಳು: ಪ್ರತಿಯೊಂದಕ್ಕೂ ಹೆಸರು, ಅಕ್ಷಾಂಶ, ರೇಖಾಂಶ. ಇನ್ನೊಂದರಲ್ಲಿ ಮಾರ್ಗಗಳು. ಮತ್ತೊಂದರಲ್ಲಿ ಆ ಮಾರ್ಗದ ಒಂದೊಂದು ಟ್ರಿಪ್ಪು. ಬಸ್ಸು ಯಾವ ದಿನ ಓಡುತ್ತದೆ, ಯಾವ ದಿನ ಇಲ್ಲ ಎನ್ನುವುದಕ್ಕೆ ಬೇರೆ ಪಟ್ಟಿ. ಎಲ್ಲಕ್ಕಿಂತ ಉದ್ದದ್ದು ಹೊತ್ತಿನ ಪಟ್ಟಿ: ಈ ಟ್ರಿಪ್ಪು ಈ ನಿಲ್ದಾಣಕ್ಕೆ ಎಷ್ಟಕ್ಕೆ ಬರುತ್ತದೆ, ಎಷ್ಟಕ್ಕೆ ಬಿಡುತ್ತದೆ. ತುಬಚಿಯಿಂದ ಬೆಳಿಗ್ಗೆ 6 ಗಂಟೆಗೆ ಒಂದು ಬಸ್ಸು ಹೊರಡುತ್ತದೆ ಎಂದು ಇಟ್ಟುಕೊಳ್ಳಿ. ಊರು ಬಿಡುವ ಹೊತ್ತು, ಜಮಖಂಡಿ ಮುಟ್ಟುವ ಹೊತ್ತು ಎರಡೇ ಗೊತ್ತಿದ್ದರೂ ಸಾಕು. ನಡುವಿನ ಕ್ರಾಸುಗಳ ಹೊತ್ತನ್ನು ಅಂತರದ ಲೆಕ್ಕದಲ್ಲಿ ಅಂದಾಜು ಮಾಡಿಕೊಳ್ಳಬಹುದು.

ಈ ಪಟ್ಟಿಯಲ್ಲಿ ನನಗೆ ತುಂಬ ಇಷ್ಟವಾದ ಒಂದು ಕಟ್ಟಳೆಯಿದೆ. ಅದರ ಗಡಿಯಾರ ನಡುರಾತ್ರಿಗೆ ನಿಲ್ಲುವುದಿಲ್ಲ. ರಾತ್ರಿ 8 ಗಂಟೆಗೆ ಜಮಖಂಡಿ ಬಿಟ್ಟ ಬಸ್ಸು ಮರುದಿನ ಬೆಳಿಗ್ಗೆ 6ಕ್ಕೆ ಬೆಂಗಳೂರು ಮುಟ್ಟುತ್ತದೆ ಎನ್ನಿ. ಅದನ್ನು 06:00 ಎಂದು ಬರೆಯುವುದಿಲ್ಲ, 30:00 ಎಂದು ಬರೆಯುತ್ತಾರೆ. ಹೊರಟ ದಿನ ಇನ್ನೂ ಮುಗಿದಿಲ್ಲ ಎಂದು ಅದರ ಅರ್ಥ. ರಾತ್ರಿ ಬಸ್ಸಿನಲ್ಲಿ ಕಣ್ಣು ಕೂಡಿಸದೆ ಕೂತು ಬಂದವರಿಗೆ ಈ ಲೆಕ್ಕ ಸರಿಯಾಗಿಯೇ ಇದೆ ಅನ್ನಿಸೀತು.

ಪಟ್ಟಿ ಸಿಕ್ಕ ಮೇಲೆ ನಕ್ಷೆ ಹುಡುಕುವ ಬಗೆಯನ್ನೂ ಹೇಳಬೇಕು. ಸಾವಿರಾರು ಬಸ್ಸು, ಲಕ್ಷಾಂತರ ನಿಲುಗಡೆ; ಎಲ್ಲವನ್ನೂ ಒಂದೊಂದಾಗಿ ಜೋಡಿಸಿ ನೋಡುತ್ತ ಕೂತರೆ ಉತ್ತರ ಬರುವಷ್ಟರಲ್ಲಿ ಬಸ್ಸು ಹೋಗಿರುತ್ತದೆ. ಹನ್ನಾ ಬಾಸ್ಟ್ ಎಂಬ ಜರ್ಮನಿಯ ಕಂಪ್ಯೂಟರ್ ವಿಜ್ಞಾನಿ ಮತ್ತು ಜೊತೆಗಾರರು 2010ರಲ್ಲಿ ಪ್ರಕಟಿಸಿದ ಒಂದು ವಿಧಾನ ಗೂಗಲ್ ನಕ್ಷೆಯಲ್ಲಿ ಬಳಕೆಗೆ ಬಂತು. ಅದರ ತಿರುಳು ಇಷ್ಟು: ದಿನಕ್ಕೆ ಎಷ್ಟೇ ಬಸ್ಸು ಓಡಲಿ, ಒಂದು ಊರಿನಿಂದ ಇನ್ನೊಂದು ಊರಿಗೆ ಹೋಗುವವರು ಗಾಡಿ ಬದಲಿಸುವ ಜಾಗಗಳು ಕೆಲವೇ. ಆ ಜಾಗಗಳನ್ನು ಮೊದಲೇ ಲೆಕ್ಕ ಹಾಕಿ ಇಟ್ಟುಕೊಂಡರೆ, ಕೇಳಿದ ಕೂಡಲೇ ಹೊತ್ತನ್ನಷ್ಟೇ ಹೊಂದಿಸಿ ಉತ್ತರ ಹೇಳಬಹುದು. ಇದನ್ನು ಓದಿದಾಗ ನನಗೆ ನೆನಪಾದದ್ದು ನಮ್ಮ ಹಿರಿಯರ ಮಾತು. "ಮುಧೋಳಕ್ಕ ಹೋಗೂದೈತಿ" ಎಂದರೆ ಅವರು ವೇಳಾಪಟ್ಟಿ ಹೇಳುವುದಿಲ್ಲ. "ಮೊದ್ಲ ಜಮಖಂಡಿ ಹಿಡಿ, ಅಲ್ಲಿಂದ ಬೇಕಾದಷ್ಟು ಗಾಡಿ ಅದಾವು" ಎನ್ನುತ್ತಾರೆ. ಬದಲಿಸುವ ಜಾಗ ಮೊದಲು, ಹೊತ್ತು ಆಮೇಲೆ. ತುಬಚಿಯ ಅಜ್ಜನೂ ಆ ವಿಜ್ಞಾನಿಯೂ ಒಂದೇ ತುದಿ ಹಿಡಿದು ಗಂಟು ಬಿಡಿಸಿದ್ದಾರೆ.

ನಾವು ಪ್ರಯಾಣ ಹೂಡುವಾಗಲೂ ಅದೇ ತುದಿ ಹಿಡಿಯಬೇಕು. ಒಂದು ಉದಾಹರಣೆ ಬಿಡಿಸಿ ನೋಡೋಣ. ತುಬಚಿಯ ತಾಯಿ, ಮಗಳು ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಗೆ ಹೋಗಬೇಕು, ಬೆಳಿಗ್ಗೆ ಚೀಟಿ ಮಾಡಿಸುವ ಹೊತ್ತಿಗೆ ಅಲ್ಲಿರಬೇಕು. ಲೆಕ್ಕವನ್ನು ಆಸ್ಪತ್ರೆಯ ಬಾಗಿಲಿನಿಂದ ಹಿಂದಕ್ಕೆ ಹಾಕುತ್ತ ಬನ್ನಿ. ಮೆಜೆಸ್ಟಿಕ್‌ನಿಂದ ಕಿದ್ವಾಯಿಗೆ ನಕ್ಷೆಯೇ ಬಸ್ಸಿನ ನಂಬರು, ನಿಲ್ಲುವ ಜಾಗ, ನಡೆಯುವ ದೂರ ಎಲ್ಲ ಹೇಳುತ್ತದೆ. ಹುಡುಕುವಾಗ 'ಹೊರಡುವ ಸಮಯ' ಬಿಟ್ಟು 'ತಲುಪುವ ಸಮಯ' ಆರಿಸಿ, ತಾರೀಖನ್ನೂ ಬದಲಿಸಿ. ಇಲ್ಲದಿದ್ದರೆ ಮನೆಯಲ್ಲಿ ರಾತ್ರಿ ಕೂತು ನೋಡುವವರಿಗೆ ನಕ್ಷೆ ಆ ರಾತ್ರಿಯ ಬಸ್ಸನ್ನೇ ತೋರಿಸಿಬಿಡುತ್ತದೆ. ಅದಕ್ಕೂ ಹಿಂದಿನದು ಜಮಖಂಡಿಯಿಂದ ಬೆಂಗಳೂರಿನ ರಾತ್ರಿ ಬಸ್ಸು. ಅದರ ಹೊತ್ತನ್ನು ಸಾರಿಗೆ ಸಂಸ್ಥೆಯ ಮುಂಗಡ ಬುಕಿಂಗ್‌ನಲ್ಲಿ ನೋಡಬೇಕು. ಇನ್ನೂ ಹಿಂದಿನದು ತುಬಚಿಯಿಂದ ಜಮಖಂಡಿ. ಅದನ್ನು ಕಂಡಕ್ಟರನ್ನೇ ಕೇಳಬೇಕು. ಒಂದು ಪ್ರಯಾಣ, ಮೂರು ತುಂಡು, ಮೂರು ಕಡೆಯ ಉತ್ತರ.

ತುಂಡುಗಳ ನಡುವೆ ಎಷ್ಟು ಬಿಡುವು ಇಟ್ಟುಕೊಳ್ಳಬೇಕು? ಇದರಲ್ಲಿಯೇ ಹೆಚ್ಚಿನವರು ಎಡವುವುದು. ಬಸ್ಸು ಎಷ್ಟು ತಡವಾದೀತು ಎಂದು ಯೋಚಿಸುತ್ತಾರೆ. ತಪ್ಪಿದರೆ ಮುಂದಿನದು ಎಷ್ಟು ಹೊತ್ತಿಗೆ ಎಂದು ಯೋಚಿಸುವುದಿಲ್ಲ. ಮೆಜೆಸ್ಟಿಕ್‌ನಲ್ಲಿ ಒಂದು ಬಸ್ಸು ತಪ್ಪಿದರೆ ಹೋಗುವುದು ಸ್ವಲ್ಪ ಹೊತ್ತು. ಜಮಖಂಡಿಯಲ್ಲಿ ರಾತ್ರಿ ಬಸ್ಸು ತಪ್ಪಿದರೆ ಹೋಗುವುದು ಒಂದು ದಿನ, ಜೊತೆಗೆ ಆಸ್ಪತ್ರೆಯ ಪಾಳಿ. ಹಾಗಾಗಿ ಬಿಡುವನ್ನೆಲ್ಲ ಜಮಖಂಡಿಯಲ್ಲೇ ಇಡಬೇಕು, ಊರಿನಿಂದ ಒಂದು ಗಾಡಿ ಮುಂಚೆಯೇ ಹೊರಡಬೇಕು. ವಾಪಸು ಬರುವಾಗ ಇನ್ನೂ ಜೋಪಾನ: ಊರಿನ ಕೊನೆಯ ಬಸ್ಸು ಎಷ್ಟಕ್ಕೆ ಎಂದು ಹೊರಡುವ ಮೊದಲೇ ಬರೆದಿಟ್ಟುಕೊಳ್ಳಿ. ಅದು ತಪ್ಪಿದ ಮೇಲೆ ಟಂಟಂ ಸಿಕ್ಕರೂ ಸಿಗಬಹುದು, ಸಿಗದಿದ್ದರೂ ಇರಬಹುದು.

ರೈಲಿನಲ್ಲಿ ಹೋಗುವವರಿಗೆ ನಕ್ಷೆ ನಿಜವಾಗಿ ನೆರವಾಗುವುದು ಹಳಿಯ ಆಕಾರ ತೋರಿಸಿ. ಬಾಗಲಕೋಟೆ, ವಿಜಯಪುರಗಳಿಂದ ಬೆಂಗಳೂರಿಗೆ ಗೋಲ್ ಗುಂಬಜ್ ಎಕ್ಸ್‌ಪ್ರೆಸ್ ಗದಗ, ಹುಬ್ಬಳ್ಳಿ ಹಾದು ಹೋಗುತ್ತದೆ. ಬಸವ ಎಕ್ಸ್‌ಪ್ರೆಸ್ ಕೂಡ ಬಾಗಲಕೋಟೆಯಿಂದಲೇ ಹೊರಡುತ್ತದೆ, ಆದರೆ ಮೊದಲು ಬಡಗಣ ದಿಕ್ಕಿಗೆ ಸೊಲ್ಲಾಪುರಕ್ಕೆ ಹೋಗಿ, ಕಲಬುರಗಿ, ರಾಯಚೂರು ಸುತ್ತಿ ಬೆಂಗಳೂರು ಸೇರುತ್ತದೆ. ಹೆಸರು ನೋಡಿ ಟಿಕೆಟ್ ತೆಗೆಸಿದವರಿಗೆ ಇದು ತಿಳಿಯದು, ನಕ್ಷೆಯ ಗೆರೆ ನೋಡಿದವರಿಗೆ ತಿಳಿಯುತ್ತದೆ. ಬಾಗಲಕೋಟೆ–ಕುಡಚಿ ನಡುವಿನ 142 ಕಿಲೋಮೀಟರ್ ಹೊಸ ಮಾರ್ಗಕ್ಕೆ 2010–11ರ ರೈಲ್ವೆ ಬಜೆಟ್‌ನಲ್ಲಿ ಒಪ್ಪಿಗೆ ಸಿಕ್ಕಿದ್ದರೂ ಜಮಖಂಡಿ ಸೀಮೆಯವರು ರೈಲಿಗಾಗಿ ಬಾಗಲಕೋಟೆ, ವಿಜಯಪುರಗಳಿಗೆ ಬಸ್ಸಿನಲ್ಲಿಯೇ ಹೋಗಿ ರೂಢಿ.

ನಕ್ಷೆ ಹುಡುಕುವುದು ಬೇಗ ತಲುಪುವ ದಾರಿಯನ್ನು. ನಮ್ಮ ಹೆಣ್ಣುಮಕ್ಕಳಿಗೆ ಅದೊಂದೇ ಲೆಕ್ಕವಲ್ಲ. 2023ರ ಜೂನ್ 11ರಂದು ಶುರುವಾದ ಶಕ್ತಿ ಯೋಜನೆಯಲ್ಲಿ ರಾಜ್ಯದೊಳಗೆ ಸಾಮಾನ್ಯ ಮತ್ತು ವೇಗದೂತ ಬಸ್ಸುಗಳಲ್ಲಿ ಅವರಿಗೆ ಟಿಕೆಟ್ಟಿನ ಹಣವಿಲ್ಲ, ಸ್ಲೀಪರ್, ಎ.ಸಿ. ಬಸ್ಸುಗಳಿಗೆ, ಹೊರ ರಾಜ್ಯಕ್ಕೆ ಹೋಗುವ ಬಸ್ಸುಗಳಿಗೆ ಅದು ಅನ್ವಯಿಸುವುದಿಲ್ಲ. ಎರಡು ಕಡೆ ಇಳಿದು ಹತ್ತಿದರೂ ಕೈಯಿಂದ ಹಣ ಹೋಗದ ದಾರಿ ಒಂದು, ನೇರವಾಗಿ ಹೋದರೂ ಸಾವಿರ ಮುರಿಯುವ ದಾರಿ ಇನ್ನೊಂದು. ಹೊರ ರಾಜ್ಯದಲ್ಲಿರುವ ಮೀರಜ್‌ನ ಆಸ್ಪತ್ರೆಗಳಿಗೆ ಹೋಗುವವರು ಇದನ್ನು ವಿಶೇಷವಾಗಿ ನೋಡಿಕೊಳ್ಳಬೇಕು. ಈ ಆಯ್ಕೆಯನ್ನು ನಾವೇ ಮಾಡಬೇಕು.

ಹೆಸರಿನ ತೊಡಕೂ ಇದೆ. ಬೀಳಗಿ ಎಂದು ಇಂಗ್ಲಿಷ್ ಅಕ್ಷರದಲ್ಲಿ ಹುಡುಕಿದರೆ ಉತ್ತರ ಕನ್ನಡದ ಸಿದ್ದಾಪುರ ತಾಲ್ಲೂಕಿನ ಬಿಳಗಿ ಎದುರಾಗಬಹುದು. ಜಮಖಂಡಿ, ತುಬಚಿ, ರಬಕವಿ ಹೆಸರುಗಳನ್ನು ಒಬ್ಬೊಬ್ಬರು ಒಂದೊಂದು ಥರ ಇಂಗ್ಲಿಷಿನಲ್ಲಿ ಬರೆಯುತ್ತಾರೆ. ಕನ್ನಡದಲ್ಲೇ ಬರೆದು ಹುಡುಕಿ, ಜಿಲ್ಲೆಯ ಹೆಸರು ಸೇರಿಸಿ. ಆಗಲೂ ಅನುಮಾನವಾದರೆ ನಕ್ಷೆಯಲ್ಲಿ ಕೃಷ್ಣೆಯನ್ನು ಹಿಡಿದು ಬಂದು ಊರಿನ ಮೇಲೆ ಬೆರಳು ಒತ್ತಿ ಹಿಡಿಯಿರಿ, ಗುರುತು ಬೀಳುತ್ತದೆ. ಸಿಗ್ನಲ್ ಸಿಗದ ದಾರಿಗೆಂದು ಆ ಭಾಗದ ನಕ್ಷೆಯನ್ನು ಮೊದಲೇ ಇಳಿಸಿಟ್ಟುಕೊಳ್ಳುವುದೂ ಒಳ್ಳೆಯದು. ಮಳೆಗಾಲದಲ್ಲಿ ಮಾತ್ರ ನಕ್ಷೆಯನ್ನು ಪೂರ್ತಿ ನಂಬಬೇಡಿ. 2019ರ ಆಗಸ್ಟ್‌ನ ನೆರೆಯಲ್ಲಿ ಹೊಳೆದಂಡೆಯ ಊರುಗಳ ರಸ್ತೆ, ಸೇತುವೆಗಳ ಮೇಲೆ ನೀರು ಹರಿದದ್ದನ್ನು ಕಂಡವರು ನಾವು. ಅಂಥ ದಿನಗಳಲ್ಲಿ ಘಟಕಕ್ಕೆ ಒಂದು ಫೋನು ಮಾಡಿಯೇ ಹೊರಡಬೇಕು.

ನಮ್ಮ ಬಸ್ಸು ನಕ್ಷೆಗೆ ಬರುವುದು ಹೇಗೆ? ಸಾರಿಗೆ ಸಂಸ್ಥೆ ತನ್ನ ವೇಳಾಪಟ್ಟಿಯನ್ನು ಆ ನಮೂನೆಯಲ್ಲಿ ಎಲ್ಲರಿಗೂ ತೆರೆದಿಡಬೇಕು. ಕೊಚ್ಚಿ ಮೆಟ್ರೊ 2018ರಲ್ಲಿ ಹಾಗೆ ಮಾಡಿತು, ದೆಹಲಿಯ ಬಸ್ಸುಗಳ ಮಾಹಿತಿಯೂ ಅದೇ ವರ್ಷ ತೆರೆದುಕೊಂಡಿತು. ಹುಬ್ಬಳ್ಳಿಯಲ್ಲಿ ಕೇಂದ್ರ ಕಚೇರಿ ಇರುವ ನಮ್ಮ ವಾಯವ್ಯ ಸಾರಿಗೆಯ ಪ್ರತಿ ಹಳ್ಳಿಯ ಗಾಡಿಗೂ ಇದು ಆಗಬೇಕೆಂಬುದು ನನ್ನ ಆಸೆ, ಒತ್ತಾಯ ಕೂಡ. ಅಲ್ಲಿಯವರೆಗೆ ಊರೇ ಕೈಹಾಕಬಹುದಾದ ಕೆಲಸವಿದೆ. ಸರ್ಕಾರದ ದಾರಿ ಕಾಯದೆ ರೈತರೇ ಹಣ ಹಾಕಿ, ಕಲ್ಲು ಮಣ್ಣು ಹೊತ್ತು 1989ರಲ್ಲಿ ಚಿಕ್ಕಪಡಸಲಗಿಯಲ್ಲಿ ಕೃಷ್ಣೆಗೆ ಬ್ಯಾರೇಜು ಕಟ್ಟಿದ ತಾಲ್ಲೂಕು ಇದು. ಒಂದು ವಾರ ಬಸ್ಸಿನ ಹೊತ್ತು ಗುರುತು ಹಾಕಿಕೊಳ್ಳುವುದು ಹೈಸ್ಕೂಲು ಮಕ್ಕಳಿಂದಲೂ ಆದೀತು.

ಎರಡು ಪುಟದ ನೋಟುಬುಕ್ಕು ಸಾಕು. ಬಸ್ಸಿನ ಬೋರ್ಡು ಏನು, ಊರಿಗೆ ಬಂದದ್ದು ಎಷ್ಟಕ್ಕೆ, ಬಿಟ್ಟದ್ದು ಎಷ್ಟಕ್ಕೆ, ಯಾವ ದಿನ ಬರಲಿಲ್ಲ, ಅಮಾವಾಸ್ಯೆಗೋ ಜಾತ್ರೆಗೋ ಹೆಚ್ಚಿನ ಗಾಡಿ ಬಂತೆ. ವಾರದ ಕೊನೆಗೆ ಅದನ್ನು ಕಂಡಕ್ಟರಿಗೆ ತೋರಿಸಿ ತಿದ್ದಿಸಿಕೊಂಡು, ಪಂಚಾಯಿತಿ ಗೋಡೆಗೂ ಊರಿನ ವಾಟ್ಸ್‌ಆ್ಯಪ್ ಗುಂಪಿಗೂ ಹಾಕಬೇಕು. ಯಾರು ಬೇಕಾದರೂ ತಿದ್ದಬಹುದಾದ ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ ನಕ್ಷೆ 2004ರಿಂದ ಇದೆ. ಅದರಲ್ಲಿ ಬಸ್ಸು ನಿಲ್ಲುವ ಜಾಗವನ್ನು ಗುರುತು ಮಾಡಬಹುದು. ಜಮಖಂಡಿ ಕಡೆಗೆ ಹೋಗುವಾಗ ರಸ್ತೆಯ ಯಾವ ಮಗ್ಗುಲಿಗೆ ನಿಲ್ಲುತ್ತದೆ, ಬರುವಾಗ ಯಾವ ಮಗ್ಗುಲಿಗೆ ಎಂದು ಎರಡನ್ನೂ ಬೇರೆ ಬೇರೆಯಾಗಿ ಹಾಕಬೇಕು. ಕತ್ತಲಲ್ಲಿ ಚೀಲ ಹಿಡಿದು ನಿಂತ ಹೊಸಬರು ಎದುರು ಮಗ್ಗುಲಿಗೆ ನಿಂತುಬಿಟ್ಟರೆ ಬಸ್ಸು ಅವರ ಕಣ್ಣೆದುರಿಗೇ ಹೋಗಿಬಿಡುತ್ತದೆ.