ಜೋಳದ ರೊಟ್ಟಿ: ಹೊಸದಾಗಿ ಕಲಿಯುವವರಿಗೆ



ಮಸ್ಕಿಯ ಹೆಸರು ವಿದ್ಯಾವಂತರಿಗೆ ಹೊಸದಲ್ಲ. 1915ರಲ್ಲಿ ಅಲ್ಲಿಯ ಬಂಡೆಯ ಮೇಲೆ ದೊರೆತ ಶಾಸನದಲ್ಲಿ ಅಶೋಕನ ಹೆಸರೇ ಇದ್ದುದರಿಂದ, ‘ದೇವಾನಾಂಪ್ರಿಯ’ನೆಂಬ ಅರಸನು ಯಾರೆಂಬ ಸಂದೇಹವು ಪರಿಹಾರವಾಯಿತು. ಆ ಸೀಮೆಯ ಎರೆಹೊಲಗಳ ಹಿಂಗಾರಿ ಜೋಳವು ಅಷ್ಟು ಪ್ರಸಿದ್ಧವಲ್ಲ. ಆದರೂ ತಲೆತಲಾಂತರದಿಂದ ಜನರನ್ನು ಸಾಕಿದುದು ಅದೇ. ಈಗ ಪಟ್ಟಣಗಳ ಗೃಹಿಣಿಯರು ಹುಳಿಹಿಟ್ಟಿನ ಬ್ರೆಡ್ಡನ್ನು ಮನೆಯಲ್ಲಿಯೇ ಬೇಯಿಸಲು ಉತ್ಸಾಹಪಡುತ್ತಿದ್ದಾರೆ. ಅವರು ರೊಟ್ಟಿಯನ್ನೂ ಕಲಿಯಬಾರದೇಕೆ?

ಮೊದಲು ಒಂದು ಭೇದವನ್ನು ತಿಳಿಯತಕ್ಕದ್ದು. ಗೋಧಿಯ ಹಿಟ್ಟನ್ನು ನಾದಿದಾಗ ಅದರಲ್ಲಿ ಗ್ಲುಟೆನ್ ಎಂಬ ಅಂಟಾದ ಸಸಾರಜನಕದ ಬಲೆಯು ಹೆಣೆಯುತ್ತದೆ. ಯೀಸ್ಟಿನಿಂದ ಹುಟ್ಟಿದ ಗಾಳಿಯನ್ನು ಆ ಬಲೆಯು ಹಿಡಿದಿಡುವುದರಿಂದ ಬ್ರೆಡ್ಡು ಉಬ್ಬುತ್ತದೆ. ಜೋಳದಲ್ಲಿ ಗ್ಲುಟೆನ್ ಇಲ್ಲ. ಆದುದರಿಂದಲೇ ತಣ್ಣೀರಿನಲ್ಲಿ ಕಲಸಿದ ಜೋಳದ ಹಿಟ್ಟು ತಟ್ಟುವಾಗ ಬಿರಿಯುತ್ತದೆ. ಇದಕ್ಕೆ ನಮ್ಮ ಹೆಂಗಸರು ಕಂಡುಕೊಂಡ ಉಪಾಯವೇ ಎಸರು. ಕುದಿಯುವ ನೀರು ತಗುಲಿದಾಗ ಹಿಟ್ಟಿನ ಪಿಷ್ಟವು ನೀರನ್ನು ಹೀರಿ, ಉಬ್ಬಿ, ಗಂಜಿಯಂತೆ ಅಂಟಾಗುತ್ತದೆ. ಗೋಧಿಯಲ್ಲಿ ಗ್ಲುಟೆನ್ ಮಾಡುವ ಕೆಲಸವನ್ನು ಇಲ್ಲಿ ಬಿಸಿನೀರು ಮಾಡಿಸುತ್ತದೆ.

ಹಿಟ್ಟು ಹೊಸದಾಗಿ ಬೀಸಿದ್ದಿರಬೇಕು. ಹಳೆಯದಾದರೆ ಜಿಗಿ ಕಳೆದು ಕಹಿಯಾಗುತ್ತದೆ. ಎರಡು ಬಟ್ಟಲು ಹಿಟ್ಟಿಗೆ ಸುಮಾರು ಒಂದೂವರೆ ಬಟ್ಟಲು ನೀರು ಸಾಕು. ಹಿಟ್ಟಿನ ನಡುವೆ ಕುಳಿ ಮಾಡಿ, ಕುದಿಯುವ ಎಸರನ್ನು ಹೊಯ್ದು, ಸೌಟಿನಿಂದ ಕಲಸಿರಿ. ಕೈ ತಾಳುವಷ್ಟು ಆರಿದ ಮೇಲೆ ಅಂಗೈಯ ಬುಡದಿಂದ ಒತ್ತಿ ಒತ್ತಿ ನಾದಿರಿ. ಬ್ರೆಡ್ಡಿನ ಹಿಟ್ಟನ್ನು ನೆನೆಯಲು ಬಿಡುವಂತೆ ಇದನ್ನು ಬಿಡಬಾರದು, ಆರಿದಷ್ಟೂ ಬಿರುಸಾಗುತ್ತದೆ. ಆದುದರಿಂದ ಒಂದೊಂದು ರೊಟ್ಟಿಗೆ ಬೇಕಾದಷ್ಟನ್ನೇ ಮತ್ತೆ ಮಿದಿದುಕೊಳ್ಳುವುದು ಲೇಸು.

ಹಲಗೆಯ ಮೇಲೆ ಒಣಹಿಟ್ಟನ್ನು ಉದುರಿಸಿ, ಉಂಡೆಯನ್ನಿಟ್ಟು, ತಿರುಗಿಸುತ್ತ ತಟ್ಟಿರಿ. ಅಂಚು ಬಿರಿದರೆ ನೀರು ಕಡಮೆಯಾಯಿತೆಂದೂ, ಹಲಗೆಗೆ ಅಂಟಿದರೆ ಹೆಚ್ಚಾಯಿತೆಂದೂ ತಿಳಿಯಿರಿ. ಚೆನ್ನಾಗಿ ಕಾದ ಹಂಚಿನ ಮೇಲೆ ಹಾಕಿದೊಡನೆ, ಒದ್ದೆ ಬಟ್ಟೆಯಿಂದ ಮೇಲ್ಮೈಗೆ ನೀರು ಸವರಿರಿ. ಇದು ಒಣಹಿಟ್ಟನ್ನು ತೊಳೆದು, ಸಣ್ಣ ಬಿರುಕುಗಳನ್ನು ಮುಚ್ಚುತ್ತದೆ. ನೀರು ಆರುತ್ತಲೇ ಮಗುಚಿ, ಕಡೆಗೆ ಕೆಂಡಕ್ಕೆ ಒಡ್ಡಿದರೆ ಒಳಗಿನ ಆವಿಯು ಹೊರಬರಲು ದಾರಿಯಿಲ್ಲದೆ ರೊಟ್ಟಿಯನ್ನು ಉಬ್ಬಿಸುತ್ತದೆ. ತೆಳ್ಳಗೆ ತಟ್ಟಿ ತೇವವೆಲ್ಲ ಹೋಗುವಂತೆ ಒಣಗಿಸಿದುದೇ ಕಟಿರೊಟ್ಟಿ. ಅದು ಅನೇಕ ದಿನ ಕೆಡದೆ, ಪ್ರಯಾಣದ ಬುತ್ತಿಗೆ ಒದಗುತ್ತದೆ.

1953ರಲ್ಲಿ ತುಂಗಭದ್ರಾ ಅಣೆಕಟ್ಟು ಪೂರ್ಣವಾಗಿ, ತರುವಾಯ ಎಡದಂಡೆಯ ಕಾಲುವೆಯ ನೀರು ಹರಿದ ಮೇಲೆ, ಸಿಂಧನೂರಿನ ಸುತ್ತಲಿನ ಜೋಳದ ಹೊಲಗಳು ಬಹುಮಟ್ಟಿಗೆ ಬತ್ತದ ಗದ್ದೆಗಳಾದವು. ಐಶ್ವರ್ಯ ಬಂದಿತೆಂಬುದು ಸಂತೋಷವೇ. ಆದರೆ ಬೀಜವನ್ನು ಕಣಜದಲ್ಲಿ ಕಾಪಾಡಬಹುದು. ರೊಟ್ಟಿ ತಟ್ಟುವ ವಿದ್ಯೆಗೆ ಕೈಯಲ್ಲದೆ ಬೇರೆ ಕಣಜವಿಲ್ಲ. ಅದು ತಾಯಿಯಿಂದ ಮಗಳಿಗೆ, ಅತ್ತೆಯಿಂದ ಸೊಸೆಗೆ ಬಂದದ್ದು. ಇನ್ನು ಮೇಲೆ ಗಂಡುಮಕ್ಕಳಿಗೂ ಬರಬೇಕಾದದ್ದು. ಒಂದು ತಲೆಮಾರು ಕಲಿಯದೆ ಬಿಟ್ಟರೆ, ಮುಂದಿನ ತಲೆಮಾರಿಗೆ ಕಲಿಸುವವರಿರುವುದಿಲ್ಲ. ಮೊದಲ ಹತ್ತು ರೊಟ್ಟಿ ದುಂಡಗೆ ಬಾರದಿದ್ದರೆ ಚಿಂತೆಯಿಲ್ಲ. ಹರಿದ ರೊಟ್ಟಿಯೂ ಹಸಿವನ್ನು ಕಳೆಯುತ್ತದೆ. ಮನೆಯಲ್ಲಿ ಹಿರಿಯರಿದ್ದರೆ, ಈ ವಾರವೇ ಅವರ ಪಕ್ಕದಲ್ಲಿ ಕುಳಿತು ಕಲಿಯಿರಿ.