ಹಳೆಯ ಪೀಠೋಪಕರಣ: ಕೊಳ್ಳುವ ಮುನ್ನ

ಮುಂಬಯಿಯ ಚೋರ್ ಬಜಾರಿನಲ್ಲಿ ತೇಗ, ಬೀಟೆ ಮರಗಳ ಹಳೆಯ ಪೀಠೋಪಕರಣಗಳು ದೊರೆಯುತ್ತವೆ. ಆದರೆ ಕಣ್ಸೆಳೆದುದೆಲ್ಲವೂ ಮನೆಗೆ ಒಪ್ಪುವುದಿಲ್ಲ. ಕೋಣೆಯನ್ನಷ್ಟೇ ಅಲ್ಲ, ಬಾಗಿಲು, ಲಿಫ್ಟು, ಮೆಟ್ಟಿಲ ತಿರುವುಗಳನ್ನೂ ಮೊದಲು ಅಳೆಯಬೇಕು. ಊರಿನಿಂದ ತರಿಸಿದ ನಮ್ಮ ಅಜ್ಜನ ಬೀಟೆಮರದ ಬೀರುವು ಮೂರನೆಯ ಮಹಡಿಗೆ ಏರದೆ, ಅದನ್ನು ಕೊಯ್ದು ಎರಡಾಗಿಸಬೇಕಾಯಿತು. ಆ ಗಾಯ ಇಂದಿಗೂ ಎದ್ದು ಕಾಣುತ್ತದೆ.

ಹೊಳಪಿಗೆ ಮರುಳಾಗದೆ ಡ್ರಾಯರನ್ನು ಹೊರಗೆಳೆದು ಹಿಂಬದಿ, ತಳಭಾಗಗಳನ್ನು ಪರೀಕ್ಷಿಸಿರಿ. ಹೊಸ ಪ್ಲೈವುಡ್ ತೇಪೆಗಳು ಅಲ್ಲಿಯೇ ಬಯಲಾಗುತ್ತವೆ. ಸಣ್ಣ ರಂಧ್ರಗಳಿಂದ ಹಿಟ್ಟಿನಂತಹ ಪುಡಿ ಉದುರುತ್ತಿದ್ದರೆ, ಒಳಗೆ ಹುಳು ಇನ್ನೂ ಕೊರೆಯುತ್ತಿರಬಹುದು. ಅಂತಹುದನ್ನು ಮನೆಗೆ ತಂದರೆ ಉಳಿದ ಮರಕ್ಕೂ ಅಪಾಯ. ಕಾಲದಿಂದ ಬಂದ ಮೆರುಗನ್ನು ಕೆರೆಸಿ ಹೊಸ ಪಾಲಿಶ್ ಹಾಕಿಸಬೇಡಿರಿ. ಹಳತಿನ ಬೆಲೆ ಅದರಲ್ಲಿಯೇ ಇದೆ. ಚಿಕ್ಕ ಕೋಣೆಗೆ ಅಂತಹ ಒಂದೇ ವಸ್ತು ಸಾಕು.