ಇಕ್ಕೇರಿಯಲ್ಲಿ ಊರು ಹುಡುಕಿದ್ದು

"ಅಜ್ಜ, ಊರೆಲ್ಲಿದೆ?"

ಇಕ್ಕೇರಿಯಲ್ಲಿ ಆಟೋ ಇಳಿದ ಮೊಮ್ಮಗಳು ಕೇಳಿದ ಮೊದಲ ಪ್ರಶ್ನೆ ಇದು. ತಪ್ಪು ನನ್ನದೇ. ಸಾಗರದಲ್ಲಿ ಹೊರಡುವಾಗ, "ರಾಜಧಾನಿ ನೋಡಿ ಬರೋಣ ಬಾ, ದೂರದ ದೇಶದಿಂದ ಜನ ಬರುತ್ತಿದ್ದ ಪಟ್ಟಣ" ಎಂದು ಆಸೆ ಹುಟ್ಟಿಸಿದ್ದೆ. ಇಲ್ಲಿ ನೋಡಿದರೆ ಗದ್ದೆ, ತೋಟ, ಕೆಲವು ಮನೆ, ನಡುವೆ ಅಘೋರೇಶ್ವರನ ಕಲ್ಲಿನ ದೇವಸ್ಥಾನ.

ಇಕ್ಕೇರಿ ಎಂದರೆ ಎರಡು ಕೇರಿ. ಕೆಳದಿಯ ನಾಯಕರು 16ನೇ ಶತಮಾನದಲ್ಲಿ ರಾಜಧಾನಿಯನ್ನು ಇಲ್ಲಿಗೆ ತಂದರು. ಕೆಳದಿಗೂ ಇಕ್ಕೇರಿಗೂ ನಡುವೆ ಸದಾಶಿವ ನಾಯಕ ಕಟ್ಟಿಸಿದ ಕೆರೆ ಸದಾಶಿವಸಾಗರ. ನಮ್ಮ ಸಾಗರದ ಹೆಸರಿನ ಮೂಲ ಅದೇ.

ದೇವಸ್ಥಾನ ಮಾತ್ರ ಮೊಮ್ಮಗಳಿಗೆ ಹಿಡಿಸಿತು. ಗರ್ಭಗುಡಿಯನ್ನು ಮುಕ್ಕಾಲು ಪಾಲು ತುಂಬಿದ ಪೀಠ, ಅದರ ಸುತ್ತ ಕುಳಿತ 32 ಸ್ತ್ರೀ ವಿಗ್ರಹಗಳು. ಹೊಯ್ಸಳ, ವಿಜಯನಗರ, ಬಿಜಾಪುರದ ಕಡೆಯ ಕಮಾನು ಎಲ್ಲ ಒಂದೇ ಕಟ್ಟಡದಲ್ಲಿ ಬೆರೆತಿವೆ. ನೆಲದ ಮೇಲೆ ಅಡ್ಡಬಿದ್ದ ನಾಯಕರ ಚಿತ್ರ ಕೆತ್ತಿದ್ದಾರೆ. ಅದನ್ನು ತುಳಿಯಬಾರದೆಂದು ಅವಳು ಹಾರಿ ಹಾರಿ ದಾಟಿದಳು.

ಆಮೇಲೆ ನಂದಿ ಮಂಟಪದ ನೆರಳಿನಲ್ಲಿ ಕುಳಿತು ಒಬ್ಬ ಪ್ರವಾಸಿಯ ಕತೆ ಹೇಳಿದೆ. ಹೆಸರು ಪಿಯೆತ್ರೋ ದೆಲ್ಲಾ ವಾಲ್ಲೆ, ಊರು ಇಟಲಿಯ ರೋಮ್. 1623ರಲ್ಲಿ ಅವನು ಗೋವೆಯ ಪೋರ್ತುಗೀಸ್ ರಾಯಭಾರಿಯ ಜೊತೆಗೆ ಹೊನ್ನಾವರ, ಗೇರುಸೊಪ್ಪೆಯ ದಾರಿಯಲ್ಲಿ ಘಟ್ಟ ಹತ್ತಿ ಇಲ್ಲಿಗೆ ಬಂದ. ಆಗ ಆಳುತ್ತಿದ್ದವನು ವೆಂಕಟಪ್ಪ ನಾಯಕ. ಪೋರ್ತುಗೀಸರಿಗೆ ಬೇಕಾದದ್ದು ನಮ್ಮ ಕಾಳುಮೆಣಸು. ದೆಲ್ಲಾ ವಾಲ್ಲೆಗೆ ವ್ಯಾಪಾರವೂ ಬೇಡ, ರಾಜಕೀಯವೂ ಬೇಡ. ಊರು ನೋಡಬೇಕು, ಕಂಡದ್ದನ್ನು ಗೆಳೆಯನಿಗೆ ಪತ್ರದಲ್ಲಿ ಬರೆಯಬೇಕು, ಅಷ್ಟೆ. ಊರಿನ ಸುತ್ತ ಎತ್ತರದ ಬಿದಿರಿನ ಬೇಲಿ, ಸಂಜೆ ಹೂ ಮುಡಿದು ಬಣ್ಣದ ಕೋಲು ಹಿಡಿದು ಬೀದಿಯಲ್ಲಿ ಕುಣಿಯುತ್ತಿದ್ದ ಹುಡುಗಿಯರು, ಎಲ್ಲವನ್ನೂ ಬರೆದ.

"ಕೋಲಾಟವಾ? ನಮ್ಮ ಸ್ಕೂಲ್ ಡೇಗೆ ನಾವೂ ಮಾಡಿದ್ವಿ!"

ಅವನು ಬರೆದದ್ದರಲ್ಲಿ ನನಗೆ ಬಹಳ ಇಷ್ಟವಾದದ್ದು ಬೇರೆ. ಘಟ್ಟ ಹತ್ತಿ ಬಂದಾಗ ಒಂದು ಗುಡಿಯ ಜಗುಲಿಯಲ್ಲಿ ನಾಲ್ವರು ಹುಡುಗರು ಲೆಕ್ಕ ಕಲಿಯುತ್ತಿದ್ದರಂತೆ. ಕಾಗದವಿಲ್ಲ, ಲೇಖನಿಯಿಲ್ಲ. ನೆಲದ ಮೇಲೆ ನುಣ್ಣನೆಯ ಮರಳು ಹರವಿ, ಒಬ್ಬ ರಾಗವಾಗಿ ಹೇಳುತ್ತ ಬೆರಳಿನಲ್ಲಿ ಬರೆಯುವುದು, ಉಳಿದವರು ಹಾಗೆಯೇ ಹೇಳಿ ಬರೆಯುವುದು. ಜಾಗ ತುಂಬಿದರೆ ಅಳಿಸಿ ಹೊಸ ಮರಳು. ಮೇಷ್ಟ್ರು ಹತ್ತಿರವಿಲ್ಲ. ತಪ್ಪಿದರೆ ತಿದ್ದುವವರು ಯಾರು ಎಂದು ಇವನು ಕೇಳಿದ. ನಾಲ್ವರೂ ಒಂದೇ ಕಡೆ ಮರೆಯುವುದು ಸಾಧ್ಯವಿಲ್ಲ, ಒಬ್ಬ ತಪ್ಪಿದರೆ ಉಳಿದವರು ತಿದ್ದುತ್ತೇವೆ ಎಂದರಂತೆ ಆ ಪೋರರು!

ಕೆಲವೇ ವರ್ಷಗಳಲ್ಲಿ ಬಿಜಾಪುರದ ಸೈನ್ಯ ಇಕ್ಕೇರಿಯನ್ನು ಹಾಳುಮಾಡಿತು. ರಾಜಧಾನಿ ಬಿದನೂರಿಗೆ ಹೋಯಿತು. 1763ರಲ್ಲಿ ಅದೂ ಹೈದರಾಲಿಯ ಕೈಸೇರಿತು. ಹೊಸನಗರ ತಾಲ್ಲೂಕಿನ ಇಂದಿನ ನಗರವೇ ಆ ಬಿದನೂರು. ಅಲ್ಲಿಯ ಕೋಟೆ, ತೀರ್ಥಹಳ್ಳಿ ಕಡೆಯ ಕವಲೇದುರ್ಗ ಎರಡನ್ನೂ ನಾಳೆ ತೋರಿಸುವೆನೆಂದೆ. ಕವಲೇದುರ್ಗ ಹತ್ತಲು ನನ್ನ ಮೊಣಕಾಲು ಒಪ್ಪಬೇಕು, ಆ ಮಾತು ಬೇರೆ.

ಅವಳು ಕೇಳುತ್ತಿರಲಿಲ್ಲ. ಅಂಗಳದ ಅಂಚಿನಲ್ಲಿ ಕುಕ್ಕರುಗಾಲಲ್ಲಿ ಕುಳಿತು ಮಣ್ಣು ಸವರಿ ಸಮ ಮಾಡುತ್ತಿದ್ದಳು.

"ಅಜ್ಜ, ನೀನು ಹೇಳು, ನಾನು ಬರೀತೀನಿ."

ಒಂದೊಂದ್ಲ ಒಂದರಿಂದ ಹೊರಟೆವು. ಶಾಲೆಯಲ್ಲಿ ಇಂಗ್ಲಿಷಿನಲ್ಲಿ ಮಗ್ಗಿ ಕಲಿತವಳಿಗೆ ಕನ್ನಡದ ರಾಗ ಹೊಸದು, ಆದರೂ ಬೇಗ ಹಿಡಿದಳು. ಹನ್ನೆರಡರವರೆಗೆ ನನಗೆ ತಡೆಯಿರಲಿಲ್ಲ. ಹದಿಮೂರರ ಮಗ್ಗಿಯಲ್ಲಿ ಏಳಕ್ಕೆ ಬಂದಾಗ ಧೈರ್ಯವಾಗಿ "ತೊಂಬತ್ತಮೂರು" ಎಂದೆ.

ಅವಳ ಬೆರಳು ನಿಂತಿತು.

"ನೈಂಟಿ ವನ್, ಅಜ್ಜ."